ಕಣ್ಣು ಕೇಳುವಷ್ಟು ನೀಲಿ

ಬಿಳಿ ಬಣ್ಣ ಬಳಿಯುವುದರಲ್ಲಿ ಏನು ಮಹಾ ಇದೆ ಎಂದು ಮೂಗು ಮುರಿಯುವವರು ಒಂದು ದಿನವಾದರೂ ಬೆಳ್ಳಕ್ಕಿಯ ಕೈಗೆ ಸಿಕ್ಕಬೇಕಿತ್ತು. ಡಬ್ಬಿ ತೆರೆದೆ, ಬಳಿದೆ, ಕೈ ತೊಳೆದುಕೊಂಡೆ ಎನ್ನುವ ಪೈಕಿಯವಳಲ್ಲ ಅವಳು. ನಾಟಕದ ಹಿಂಪರದೆಗೆ ಬೇಕಾದ ಬಿಳಿಯೇ ಬೇರೆ, ಫೋಟೊ ಸ್ಟುಡಿಯೊದ ಗೋಡೆಗೆ ಬೇಕಾದ ಬಿಳಿಯೇ ಬೇರೆ, ಮನೆಯ ಅಡುಗೆಕೋಣೆಗೆ ಬಳಿಯುವ ಬಿಳಿಯನ್ನು ಇವೆರಡರ ಹತ್ತಿರವೂ ಸುಳಿಯಲು ಬಿಡಬಾರದು ಎಂದು ಅವಳು ಶುರುಮಾಡಿದರೆ, ಕೇಳಿದವರು ಯಾಕಾದರೂ ಕೇಳಿದೆವೋ ಎಂದು ಗಡಿಯಾರ ನೋಡಿಕೊಳ್ಳಬೇಕು.

ಬೆಳ್ಳಕ್ಕಿ ಎನ್ನುವುದು ಅವಳ ಭಾವ ಇಟ್ಟ ಹೆಸರು. ಎತ್ತರದ ಸಣಕಲು ಮೈ, ಉದ್ದ ಕುತ್ತಿಗೆ. ಬಣ್ಣ ಬಳಿದ ನೆಲದ ಅಂಚಿನಲ್ಲಿ ಕಾಲೆತ್ತಿ ಕಾಲೆತ್ತಿ ಇಡುತ್ತಾ, ನಡುನಡುವೆ ಬಗ್ಗಿ ಒಂದು ಕೂದಲನ್ನೋ ಕಸವನ್ನೋ ಹೆಕ್ಕುವ ರೀತಿ. ಗದ್ದೆಯಲ್ಲಿ ಬೆಳ್ಳಕ್ಕಿಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಹೆಸರು ಹೇಗೆ ಅಂಟಿಕೊಂಡಿತೆಂದರೆ, ಅಪ್ಪ ಅಮ್ಮ ಇಟ್ಟ ಹೆಸರನ್ನು ಯಾರಾದರೂ ಕೂಗಿದರೆ ಅವಳೇ ಹಿಂದೆ ತಿರುಗಿ ಯಾರಿದ್ದಾರೆಂದು ನೋಡುತ್ತಿದ್ದಳು.

ಮದುವೆಯ ಗೊಡವೆಗೆ ಹೋಗದ ಬೆಳ್ಳಕ್ಕಿ ಅಕ್ಕ ಭಾವನ ಮನೆಯಲ್ಲೇ, ಹಿತ್ತಲ ಕಡೆಯ ಕೋಣೆಯಲ್ಲಿ ಇದ್ದಳು. ಭಾವ ರಂಗಮಂದಿರದಲ್ಲಿ ದೀಪದ ಕೆಲಸದವನು. ಅವಳನ್ನು ಅಲ್ಲಿಯ ಬಣ್ಣದ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟವನೂ ಅವನೇ. ಆಗ ಅಲ್ಲೊಬ್ಬ ಮುದುಕ ಮೇಸ್ತ್ರಿ ಇದ್ದ. ಅವನೇ ಅವಳಿಗೆ ಕೆಲಸ ಕಲಿಸಿದ್ದು. ಹೊಳಪಿನ ಬಣ್ಣ ಬೇಡ, ದೀಪ ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ. ರೋಲರ್ ಒಂದೇ ದಿಕ್ಕಿಗೆ ಓಡಬೇಕು. ಶುರು ಮಾಡಿದ ಪರದೆಯನ್ನು ನಡುವೆ ಬಿಟ್ಟು ಏಳಬಾರದು, ಎದ್ದರೆ ಒಣಗಿದ ಅಂಚು ಗೆರೆಯಾಗಿ ನಿಂತು ನಾಟಕ ಮುಗಿಯುವವರೆಗೂ ಅಣಕಿಸುತ್ತದೆ. ಇದೆಲ್ಲ ಯಾರು ಬೇಕಾದರೂ ಕಲಿಸಬಹುದಾದ್ದು. ಮೇಸ್ತ್ರಿಯ ಅಸಲಿ ಪಾಠ ನೀಲಿಯದ್ದು. ಡಬ್ಬಿಯ ಬಿಳಿ ಯಾವತ್ತೂ ಹಳದಿಯ ಕಡೆಗೇ ವಾಲುತ್ತದೆ, ಅದಕ್ಕೆ ತೊಟ್ಟು ನೀಲಿ ಬಿಟ್ಟು ಕಲಸಿದರೆ ಮಾತ್ರ ಬಿಳಿ ಬಿಳಿಯಾಗಿ ಎದ್ದು ನಿಲ್ಲುತ್ತದೆ. ಎಷ್ಟು ತೊಟ್ಟು ಎಂದು ಅವಳು ಕೇಳಿದ್ದಕ್ಕೆ ಮೇಸ್ತ್ರಿ, "ಎಣಿಸೋಕೆ ಹೋಗ್ಬೇಡ. ಕಣ್ಣು ಕೇಳುವಷ್ಟು ಹಾಕು. ಸಾಕು ಅಂದಾಗ ಕೈ ತೆಗಿ," ಎಂದಿದ್ದ.

ಆ ಮಾತನ್ನು ಬೆಳ್ಳಕ್ಕಿ ಸೆರಗಿಗೆ ಗಂಟು ಹಾಕಿಕೊಂಡಳು. ಕಲಸಿದ ಬಣ್ಣವನ್ನು ರಟ್ಟಿನ ತುಂಡುಗಳಿಗೆ ಬಳಿದು ಒಣಗಿಸಿ, ಪರದೆಯ ಮೇಲೆ ಅಲ್ಲಲ್ಲಿ ಸಿಕ್ಕಿಸಿ, ಕೊನೆಯ ಸಾಲಿನ ಕುರ್ಚಿಗೆ ಹೋಗಿ ಕೂತು ನೋಡುವಳು. ಮತ್ತೆ ಬಂದು ಒಂದು ತೊಟ್ಟು ಬಿಡುವಳು. ಮೇಸ್ತ್ರಿ ಹೋದ ಮೇಲೂ ಆ ಕೋಣೆಯಲ್ಲಿ ನಡೆದದ್ದು ಅವನದೇ ಕಾನೂನು. ಅವಳ ಬಿಳಿಗೆ ಊರಿನಲ್ಲಿ ಹೆಸರಿತ್ತು, ಅದರ ಬಗ್ಗೆ ಅವಳಿಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ಕೈಯಲ್ಲಿ ಕಸುಬಿರುವವರಿಗೆ ಅಷ್ಟೂ ಬೇಡವೇ?

ಆ ಜಂಬಕ್ಕೆ ಅಡ್ಡಗಾಲು ಹಾಕುತ್ತಿದ್ದವನು ಭಾವನೊಬ್ಬನೇ. ನಾಟಕ ಶುರುವಾಗುವ ಮುಂಚೆ ಅವನು ಏಣಿ ಹತ್ತಿ, ಹಿಂಪರದೆಯ ಮೇಲೆ ಬೀಳುವ ದೀಪಗಳ ಮುಂದೆ ತಿಳಿ ಕಿತ್ತಳೆ ಬಣ್ಣದ ಹಾಳೆ ತೂರಿಸುತ್ತಿದ್ದ. ಮೊದಲು ಅಪರೂಪಕ್ಕೊಮ್ಮೆ ಇದ್ದದ್ದು ಆಮೇಲಾಮೇಲೆ ಪ್ರತಿ ನಾಟಕಕ್ಕೂ ಆಯಿತು. ಬೆಳ್ಳಕ್ಕಿಗೆ ಮೈ ಉರಿದು ಹೋಗುವುದು. ಇಷ್ಟು ಕಷ್ಟಪಟ್ಟು ಬಳಿದ ಬಿಳಿಗೆ ಹಳದಿ ಮೆತ್ತುತ್ತೀರಲ್ಲ, ನಿಮ್ಮ ಕಣ್ಣಿಗೆ ಏನಾಗಿದೆ ಎಂದು ಏಣಿಯ ಬುಡದಲ್ಲಿ ನಿಂತು ಸಹಸ್ರನಾಮ ಶುರುಮಾಡುವಳು. ಭಾವ ಮೇಲಿನಿಂದಲೇ ನಾಟಕದವರು ಕೇಳಿದ್ದಾರೆ, ನಾನೇನು ಮಾಡಲಿ ಎಂದು ಹಲ್ಲು ಕಿರಿಯುವನು. ಬೇರೆ ವಿಷಯದಲ್ಲಿ ಅವನ ಬಾಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ನಾಟಕದ ಕೊನೆಯಲ್ಲಿ ಸಾಯುವವರು ಯಾರೆಂದು ಟಿಕೆಟ್ ಕೊಡುವ ಮೊದಲೇ ಹೇಳಿಬಿಡುವ ಮನುಷ್ಯ ಅವನು.

ಮನೆಯಲ್ಲೂ ಇಂಥದ್ದೇ ಒಂದು ತಕರಾರು. ಬಿಳಿ ಹಾಸಿಗೆ ಬಟ್ಟೆಗಳನ್ನು ಒಗೆದು ನೀಲಿ ನೀರಿನಲ್ಲಿ ಅದ್ದಿ ಹರವುವುದು ಮೊದಲಿನಿಂದಲೂ ಬೆಳ್ಳಕ್ಕಿಯ ಪಾಲಿನ ಕೆಲಸ. ಒಂದು ದಿನ ಅಕ್ಕ, ನಿನ್ನ ಕೈಯ ಬಣ್ಣ ಬಟ್ಟೆಗೆ ಹತ್ತುತ್ತದೆ, ಇನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು ನೀಲಿಯ ಸೀಸೆಯನ್ನು ಎತ್ತಿ ಮೇಲಿನ ಗೂಡಿನಲ್ಲಿ ಇಟ್ಟುಬಿಟ್ಟಳು. ಅಕ್ಕನಿಗೆ ವಯಸ್ಸಾಯಿತು, ಅರಳುಮರಳು ಎಂದುಕೊಂಡು ಬೆಳ್ಳಕ್ಕಿ ಸುಮ್ಮನಾದಳು.

ಹೀಗಿರುವಾಗ ಊರಿನಲ್ಲಿ ಹೊಸ ಫೋಟೊ ಸ್ಟುಡಿಯೊ ಒಂದು ತಯಾರಾಯಿತು. ಅದರ ಯಜಮಾನಿ ತಾನಾಗಿ ಬೆಳ್ಳಕ್ಕಿಯನ್ನು ಹುಡುಕಿಕೊಂಡು ಬಂದಳು. ಅಲ್ಲಿಯ ಗೋಡೆಗೆ ಮೂಲೆಯೇ ಇಲ್ಲ. ಮೇಲಿನಿಂದ ಇಳಿದ ಗೋಡೆ ಬುಡದಲ್ಲಿ ಬಾಗಿ ಹಾಗೆಯೇ ನೆಲವಾಗುತ್ತದೆ. ಅದರ ಮುಂದೆ ನಿಂತ ಮನುಷ್ಯ ಎಲ್ಲಿ ನಿಂತಿದ್ದಾನೆಂದೇ ತಿಳಿಯದಂತೆ, ಸುತ್ತಲೂ ಬಿಳಿಯೊಂದೇ ಕಾಣಬೇಕು. ಬೆಳ್ಳಕ್ಕಿ ಅಂಥ ಗೋಡೆಗೆ ಕೈಹಚ್ಚಿದ್ದು ಅದೇ ಮೊದಲು. ಪಾದಕ್ಕೆ ಹಳೆಯ ಕಾಲುಚೀಲ ಸಿಕ್ಕಿಸಿಕೊಂಡು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಸೀನು ಬಂದರೂ ಮೂಗು ಹಿಡಿದುಕೊಂಡು ಬಳಿದಳು. ಮುಗಿದ ಮೇಲೆ ಹೊಸಿಲಲ್ಲಿ ನಿಂತು ನೋಡಿದಾಗ ಅವಳಿಗೇ ಎದೆ ತುಂಬಿ ಬಂತು. ಇಂಥ ಬಿಳಿಯನ್ನು ತನ್ನ ಜನ್ಮದಲ್ಲಿ ಬಳಿದಿಲ್ಲ ಎನ್ನಿಸಿತು.

ಗೋಡೆ ಒಣಗಿದ ಮೇಲೆ ಕ್ಯಾಮರಾದವನು ದೀಪ ಹಚ್ಚಿ ಪರೀಕ್ಷೆ ಮಾಡಿದ. ಒಳ್ಳೆಯ ಮನುಷ್ಯ, ದನಿ ಎತ್ತಿ ಮಾತಾಡುವವನಲ್ಲ. ಅವನು ಕ್ಯಾಮರಾದ ಪುಟ್ಟ ಪರದೆ ನೋಡಿ, ತಲೆ ಕೆರೆದುಕೊಂಡು, ಮತ್ತೆ ನೋಡಿ, ಗೋಡೆ ಸ್ವಲ್ಪ ನೀಲಿ ಹೊಡೆಯುತ್ತಿದೆ ಎಂದ. ಬೆಳ್ಳಕ್ಕಿ ನಿಮ್ಮ ಯಂತ್ರ ರಿಪೇರಿ ಮಾಡಿಸಿಕೊಳ್ಳಿ ಎಂದಳು. ಅವನು ಬೇಜಾರು ಮಾಡಿಕೊಳ್ಳದೆ ಒಂದು ಬಿಳಿ ಕಾಗದ ತಂದು ಗೋಡೆಗೆ ಒತ್ತಿ ಹಿಡಿದು, ಈಗ ನೋಡಿ ಎಂದ. ಬೆಳ್ಳಕ್ಕಿ ನೋಡಿದಳು. ಗೋಡೆ ಹಾಲಿನಷ್ಟು ಬೆಳ್ಳಗಿತ್ತು, ಕಾಗದ ಹಳದಿ ತಿರುಗಿತ್ತು. ಹಳೇ ಕಾಗದ ತಂದು ನನ್ನ ಗೋಡೆಗೆ ಹಿಡಿಯುತ್ತೀರಲ್ಲ ಎಂದು ಅವಳು ದಬಾಯಿಸಿದ್ದಕ್ಕೆ ಅವನು ಹೊಸ ಕಟ್ಟನ್ನೇ ಅವಳೆದುರು ಒಡೆದು ಇನ್ನೊಂದು ಹಾಳೆ ತೆಗೆದ. ಅದೂ ಹಳದಿಯೇ.

ಅಷ್ಟರಲ್ಲಿ ಮೇಕಪ್ ಮಾಡುವಾಕೆ ಒಳಗೆ ಬಂದಳು. ಇದರಲ್ಲಿ ಬಿಳಿ ಯಾವುದಮ್ಮಾ ಎಂದು ಬೆಳ್ಳಕ್ಕಿಯೇ ಕೇಳಿದಳು. ಆಕೆ ತಡವರಿಸದೆ ಕಾಗದ ತೋರಿಸಿದಳು. ಯಜಮಾನಿ ಬಂದಳು, ಅವಳೂ ಕಾಗದವನ್ನೇ ತೋರಿಸಿದಳು. ಚಹಾ ತಂದವನು ಯಾರೂ ಕೇಳದಿದ್ದರೂ, ಗೋಡೆಗೆ ಈ ತಿಳಿನೀಲಿ ಚೆನ್ನಾಗಿ ಒಪ್ಪುತ್ತದೆ ಎಂದು ಮೆಚ್ಚಿಕೊಂಡು ಹೋದ.

ಬೆಳ್ಳಕ್ಕಿಗೆ ಭಯವಾಯಿತು. ಕೆಲಸ ಕೆಟ್ಟಿತಲ್ಲ ಎಂದಲ್ಲ. ಗೋಡೆಯನ್ನು ಇನ್ನೊಮ್ಮೆ ಬಳಿದರಾಯಿತು. ಯಜಮಾನಿಯೂ, ಸದ್ಯಕ್ಕೆ ಕ್ಯಾಮರಾದಲ್ಲೇ ಸರಿಮಾಡಿಕೊಳ್ಳುತ್ತೇವೆ, ಸಾವಕಾಶವಾಗಿ ಬನ್ನಿ ಎಂದೇ ಹೇಳಿದಳು. ಬೆಳ್ಳಕ್ಕಿ ಹೆದರಿದ್ದು ಬೇರೆಯದಕ್ಕೆ. ಬೀದಿ ದೀಪಗಳ ಸುತ್ತ ಬಳೆಯಂಥ ಬೆಳಕು ಕಾಣಲು ಶುರುವಾಗಿ ಬಹಳ ಕಾಲವಾಗಿತ್ತು. ಸೂಜಿಗೆ ದಾರ ಪೋಣಿಸುವುದನ್ನು ಅವಳು ಬಿಟ್ಟೇಬಿಟ್ಟಿದ್ದಳು. ದೀಪ ಸರಿಯಿಲ್ಲ, ಸೂಜಿ ಸರಿಯಿಲ್ಲ, ಭಾವನ ಹಾಳೆ ಸರಿಯಿಲ್ಲ ಎಂದು ಕಂಡಕಂಡದ್ದಕ್ಕೆಲ್ಲ ತಪ್ಪು ಹೊರಿಸಿ, ಒಂದು ಯೋಚನೆಯನ್ನು ಮಾತ್ರ ಹತ್ತಿರ ಸೇರಿಸಿರಲಿಲ್ಲ. ಅದು ಅಮ್ಮನ ಯೋಚನೆ.

ಅಮ್ಮನ ಕಣ್ಣು ಹೋದದ್ದು ಕದ್ದುಮುಚ್ಚಿ. ಒಳಗೆ ಒತ್ತಡ ಏರಿ ನರ ಒಣಗುವ ಕಾಯಿಲೆ ಅದು. ನೋವಿಲ್ಲ, ಕೆಂಪಿಲ್ಲ, ಪಕ್ಕದಿಂದ ಕತ್ತಲೆ ಒತ್ತರಿಸಿಕೊಂಡು ಬಂದು, ವೈದ್ಯರಿಗೆ ತೋರಿಸುವ ಹೊತ್ತಿಗೆ ಕಾಲ ಮಿಂಚಿಹೋಗಿತ್ತು. ಕೊನೆಕೊನೆಗೆ ಅಮ್ಮ ದೊಡ್ಡ ಮಗಳನ್ನು ಹೆಜ್ಜೆಯ ಸದ್ದಿನಿಂದಲೂ ಚಿಕ್ಕ ಮಗಳನ್ನು ಬಣ್ಣದ ವಾಸನೆಯಿಂದಲೂ ಗುರುತಿಸುತ್ತಿದ್ದಳು. ಬಾಗಿಲ ಕಡೆ ಮುಖ ತಿರುಗಿಸಿ, ಬಣ್ಣದವಳು ಬಂದಳಾ ಎಂದು ಕೇಳುವಳು. ಈ ಕಾಯಿಲೆ ಮಕ್ಕಳಿಗೂ ಬರಬಹುದು, ತಪ್ಪದೆ ತೋರಿಸಿಕೊಳ್ಳುತ್ತಿರಿ ಎಂದು ಆಗಲೇ ವೈದ್ಯರು ಎಚ್ಚರಿಸಿದ್ದರು. ಅಕ್ಕ ಹೋಗಿ ತೋರಿಸಿಕೊಂಡು ಬರುತ್ತಿದ್ದಳು. ಬೆಳ್ಳಕ್ಕಿ ಇವತ್ತು ಪರದೆ ಇದೆ, ನಾಳೆ ಬಣ್ಣ ಇದೆ ಎಂದು ಮುಂದೂಡುತ್ತಲೇ ಬಂದಿದ್ದಳು. ಗೋಡೆ ಬಳಿಯುವಾಗ ಸಿಂಹಿಣಿ, ಕಣ್ಣು ತೋರಿಸುವ ವಿಷಯಕ್ಕೆ ಬಂದರೆ ಇಲಿಮರಿ.

ಅವತ್ತು ಸ್ಟುಡಿಯೊದಿಂದ ಮನೆಗೆ ಬಂದವಳು ಸೀದಾ ಹಿತ್ತಲಿಗೆ ಹೋದಳು. ತಂತಿಯ ಮೇಲೆ ಅಕ್ಕ ಒಗೆದ ಹೊದಿಕೆ ಒಣಗುತ್ತಿತ್ತು. ಅದರ ಪಕ್ಕದಲ್ಲೇ, ಬೆಳ್ಳಕ್ಕಿ ಬೆಳಿಗ್ಗೆ ಹಟಕ್ಕೆ ಬಿದ್ದು ಗೂಡಿನಿಂದ ನೀಲಿ ತೆಗೆದು ತಾನೇ ಅದ್ದಿದ್ದ ದಿಂಬಿನ ಚೀಲ. ಅವಳ ಕಣ್ಣಿಗೆ ದಿಂಬಿನ ಚೀಲ ಬಿಳಿ, ಅಕ್ಕನ ಹೊದಿಕೆ ಹಳದಿ. ಅಕ್ಕ ಬಟ್ಟೆ ತೆಗೆಯಲು ಬುಟ್ಟಿ ಹಿಡಿದು ಬಂದಳು.

"ಅಕ್ಕ, ಇದರಲ್ಲಿ ಬಿಳಿ ಯಾವುದು? ನಿಜ ಹೇಳು."

ಅಕ್ಕ ಬಟ್ಟೆಯನ್ನು ನೋಡಲೇ ಇಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗೋಣ ಎಂದಳು.

"ಅಮ್ಮಂದೇ ಆಗಿದ್ರೆ?" ಎಂದಳು ಬೆಳ್ಳಕ್ಕಿ.

"ಆಗಿದ್ರೆ ಆಗಿರ್ಲಿ. ಇನ್ನು ಸುಮ್ನಿರೋಕೆ ನನ್ನ ಕೈಲಿ ಆಗಲ್ಲ ಕಣೇ."

ಅಕ್ಕನಿಗೆ ಮೊದಲೇ ಗೊತ್ತಿತ್ತು ಎಂದು ಬೆಳ್ಳಕ್ಕಿಗೆ ಆಗ ಹೊಳೆಯಿತು. ನೀಲಿಯ ಸೀಸೆ ಗೂಡು ಸೇರಿದ್ದು ಅರಳುಮರಳಿನಿಂದಲ್ಲ.

ಮರುದಿನ ಮೂವರೂ ಹೊರಟರು. ಭಾವ ಬಸ್ಸಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡವನಂತೆ ಕೂತಿದ್ದ. ಅದನ್ನು ನೋಡಿಯೇ ಬೆಳ್ಳಕ್ಕಿಗೆ ಇನ್ನಷ್ಟು ಕಳವಳವಾಯಿತು. ಆಸ್ಪತ್ರೆಯಲ್ಲಿ ಗದ್ದವನ್ನು ಯಂತ್ರದ ಮೇಲೆ ಇಡಿಸಿದರು, ಕಣ್ಣಿಗೆ ಗಾಳಿ ಊದಿದರು, ಉರಿಯುವ ಹನಿ ಬಿಟ್ಟು ಕಣ್ಣು ಮುಚ್ಚಿ ಕೂರಿಸಿದರು. ಮುಚ್ಚಿದ ಕಣ್ಣಿನ ಕತ್ತಲೆಯಲ್ಲಿ ಬೆಳ್ಳಕ್ಕಿ ಇನ್ನು ಮುಂದೆ ಹೀಗೆಯೇ ಇರಬೇಕಾದರೆ ಹೇಗೆ ಎಂದು ಯೋಚಿಸಿದಳು. ಪರದೆಯ ಅಳತೆ ಕೈಗೆ ಗೊತ್ತು, ರೋಲರಿನ ಭಾರ ಗೊತ್ತು, ಡಬ್ಬಿ ಎಲ್ಲಿದೆಯೆಂದು ಗೊತ್ತು. ಆದರೆ ಬಿಳಿಯನ್ನು ಮುಟ್ಟಿ ನೋಡಲು ಬರುವುದಿಲ್ಲವಲ್ಲ. ಪಕ್ಕದಲ್ಲಿ ಕೂತಿದ್ದ ಅಕ್ಕ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಕಣ್ಣಿನ ವೈದ್ಯೆ ಒಳಗೆ ಕರೆದು, ದೀಪ ಹಾಕಿ, ಮೇಲೆ ನೋಡಿ, ಕೆಳಗೆ ನೋಡಿ ಎಂದು ಬಹಳ ಹೊತ್ತು ಪರೀಕ್ಷಿಸಿದರು. ಬೆಳ್ಳಕ್ಕಿ ಅಮ್ಮನ ಕಥೆಯನ್ನು ಹೇಳಿದಳು. ಅದಕ್ಕೇ ಎರಡೆರಡು ಸಲ ನೋಡಿದೆ ಎಂದು ವೈದ್ಯೆ ಕುರ್ಚಿ ಹಿಂದಕ್ಕೆ ಸರಿಸಿದರು.

"ಒತ್ತಡ ಇಲ್ಲ. ನರ ಚೆನ್ನಾಗಿದೆ. ನಿಮಗೆ ಪೊರೆ ಬಂದಿದೆ, ಅಷ್ಟೇ. ತೆಗೆದ್ರೆ ಸರಿಹೋಗುತ್ತೆ."

ಬೆಳ್ಳಕ್ಕಿ ಇನ್ನೊಂದು ಸಲ ಹೇಳಿ ಎಂದು ಕೇಳಿಕೊಂಡಳು. ವೈದ್ಯೆ ಹೇಳಿದರು. ಅಮ್ಮಂದಲ್ಲ ತಾನೇ ಎಂದು ಕೇಳಿದಳು. ಅಲ್ಲ ಎಂದರು. ಹೋದ ಜೀವ ತಿರುಗಿ ಬಂದಂತಾಗಿ ಅವಳು ಅಲ್ಲೇ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟಳು. ಅಕ್ಕನೂ ಅತ್ತಳು. ಭಾವ ಮಾತ್ರ ಗೋಡೆಗೆ ತೂಗುಹಾಕಿದ್ದ ಕಣ್ಣಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತಿದ್ದ. ಅವನ ಹೆಗಲು ಕುಲುಕುತ್ತಿತ್ತು. ವೈದ್ಯೆ ಮೂವರಿಗೂ ನೀರು ತರಿಸಿ ಕೊಟ್ಟು, ಪೊರೆ ಹಳದಿ ತಿರುಗಿದ ಗಾಜಿನ ಹಾಗೆ, ಅದರ ಮೂಲಕ ನೋಡಿ ನೋಡಿ ನಿಮಗೆ ಎಲ್ಲದಕ್ಕೂ ನೀಲಿ ಸಾಲದು ಅನ್ನಿಸಿದೆ ಎಂದು ವಿವರಿಸಿದರು. ಮೇಸ್ತ್ರಿಯ ಮಾತು ಸುಳ್ಳಾಗಿರಲಿಲ್ಲ. ಅವಳು ಕಣ್ಣು ಕೇಳುವಷ್ಟನ್ನೇ ಹಾಕಿದ್ದಳು. ಕೇಳುವ ಕಣ್ಣೇ ಹೊಟ್ಟೆಬಾಕನಾಗಿತ್ತು.

ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ತೆಗೆದ ಮೇಲೆ ಬೆಳ್ಳಕ್ಕಿಯ ಆಟ ನೋಡಬೇಕಿತ್ತು. ಒಂದು ಕಣ್ಣು ಮುಚ್ಚುವುದು, ತೆರೆಯುವುದು, ಇನ್ನೊಂದನ್ನು ಮುಚ್ಚುವುದು. ಎಡಗಣ್ಣಿಗೆ ಜಗತ್ತೆಲ್ಲ ಚಹಾ ಸೋಸಿದ ಬಟ್ಟೆ, ಬಲಗಣ್ಣಿಗೆ ಎಲ್ಲವೂ ನೀಲಿ. ಹಾಲು ನೀಲಿ, ಉಪ್ಪು ನೀಲಿ, ಸಕ್ಕರೆಯೂ ನೀಲಿ. ಸ್ವಲ್ಪ ದಿನ ಹಾಗೆಯೇ ಇರುತ್ತದೆ, ಆಮೇಲೆ ತಾನೇ ಹದಕ್ಕೆ ಬರುತ್ತದೆ, ಅಲ್ಲಿಯವರೆಗೆ ಬಣ್ಣದ ವಿಷಯದಲ್ಲಿ ಯಾರ ಜೊತೆಗೂ ಜಗಳ ಬೇಡ ಎಂದು ವೈದ್ಯೆ ಎಚ್ಚರಿಸಿದ್ದರಿಂದ ಅವಳು ಕಷ್ಟಪಟ್ಟು ನಾಲಿಗೆ ಹಿಡಿದುಕೊಂಡಳು. ಅಕ್ಕನ ತಲೆ ಕಂಡಾಗ ಮಾತ್ರ ತಡೆಯಲಾಗಲಿಲ್ಲ. ಅಕ್ಕನ ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ತನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದಳು. ಅದನ್ನೂ ಡಂಗುರ ಸಾರಬೇಕಿತ್ತಾ ಎಂದು ಅಕ್ಕ ಗದರಿಕೊಂಡಳು, ಆದರೆ ಅವತ್ತು ಇಡೀ ದಿನ ಅವಳ ಮುಖದಿಂದ ನಗು ಇಳಿಯಲಿಲ್ಲ.

ಎರಡನೆಯ ಕಣ್ಣೂ ಮುಗಿದು, ನೀಲಿ ತಗ್ಗಿ ಹಾಲು ಹಾಲಾಗಿ ಕಂಡ ಮೇಲೆ, ವೈದ್ಯೆಯ ಅಪ್ಪಣೆ ಪಡೆದು ಬೆಳ್ಳಕ್ಕಿ ರಂಗಮಂದಿರಕ್ಕೆ ಹೋದಳು. ಮಧ್ಯಾಹ್ನದ ಹೊತ್ತು, ಒಳಗೆ ಭಾವನ ಹೊರತು ಯಾರೂ ಇರಲಿಲ್ಲ. ಅವಳೇ ಬಳಿದಿದ್ದ ಹಿಂಪರದೆ ಎದುರಿಗೆ ತೂಗುತ್ತಿತ್ತು. ಬೆಳ್ಳಕ್ಕಿ ಹಾಗೆಯೇ ನಿಂತುಬಿಟ್ಟಳು. ಬಿಳಿಯಂತೆ ಬಿಳಿ! ತೊಳೆದಿಟ್ಟ ಆಕಾಶದ ಹಾಗೆ ತಿಳಿನೀಲಿಯಾಗಿತ್ತು ಅದು. ಇದರ ಮುಂದೆ ಇಷ್ಟೊಂದು ನಾಟಕ ಆಡಿದರಲ್ಲ, ಯಾರೂ ಯಾಕೆ ಉಗಿಯಲಿಲ್ಲ ಎಂದು ಅವಳಿಗೆ ನಾಚಿಕೆಯೂ ಆಶ್ಚರ್ಯವೂ ಆಯಿತು.

ಭಾವ ಏಣಿ ತಂದ. ಅವನಿಗೆ ಮಂಡಿನೋವು, ಒಂದೊಂದು ಮೆಟ್ಟಿಲಿಗೂ ಉಸ್ಸೆನ್ನುತ್ತಾ ಹತ್ತಿ, ದೀಪಗಳ ಮುಂದೆ ಕಿತ್ತಳೆ ಹಾಳೆ ತೂರಿಸಿ, ಇಳಿದು ಬಂದು ದೀಪ ಹಾಕಿದ. ಪರದೆ ಬೆಳ್ಳಗಾಯಿತು. ಅವಳು ಬಯಸಿದ್ದ, ಬಳಿದೆನೆಂದು ನಂಬಿದ್ದ ಅದೇ ಬಿಳಿ.

ಬೆಳ್ಳಕ್ಕಿಗೆ ಎಲ್ಲವೂ ತಿಳಿಯಿತು. ಮೊದಲು ತೆಳು ಹಾಳೆ ಸಾಕಾಗುತ್ತಿತ್ತು, ಬರಬರುತ್ತಾ ದಪ್ಪನೆಯದು ಬೇಕಾಯಿತು, ಈಚೆಗೆ ಎರಡೆರಡು ಸೇರಿಸಿ ಹಾಕುತ್ತಿದ್ದೆ ಎಂದು ಭಾವ ನೆಲ ನೋಡುತ್ತಾ ಹೇಳಿದ. ಪ್ರತಿ ನಾಟಕಕ್ಕೂ ಆ ಮಂಡಿ ಇಟ್ಟುಕೊಂಡು ಹತ್ತಿದ್ದ. ಪ್ರತಿ ನಾಟಕಕ್ಕೂ ಅವಳು ಕೆಳಗೆ ನಿಂತು ಬೈದಿದ್ದಳು. ಯಾವ ಗುಟ್ಟೂ ನಿಲ್ಲದ ಆ ಬಾಯಲ್ಲಿ ಇದೊಂದು ಇಷ್ಟು ಕಾಲ ನಿಂತಿತ್ತು.

"ಒಂದು ಮಾತು ಹೇಳ್ಬೋದಿತ್ತಲ್ಲ ಭಾವ."

"ಹೇಳಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾಗ್ತಿತ್ತು. ಅಲ್ಲಿ ಅತ್ತೆದೇ ಕಾಯಿಲೆ ಅಂದ್ಬಿಟ್ರೆ ಅಂತ ನನಗೂ ಭಯ, ನಿಮ್ಮಕ್ಕನಿಗೂ ಭಯ. ಅದಕ್ಕಿಂತ ಏಣಿ ಹತ್ತೋದೇ ಸುಲಭ ಅನ್ನಿಸ್ತು."

ನೋಡಿ, ಒಂದೇ ಮನೆಯಲ್ಲಿ ಮೂರು ಜನ, ಮೂವರ ಹೊಟ್ಟೆಯಲ್ಲೂ ಒಂದೇ ಭಯ, ಮೂವರೂ ಒಬ್ಬರಿಗೊಬ್ಬರು ಕಾಣದಂತೆ ಮುಚ್ಚಿಟ್ಟುಕೊಂಡು ಓಡಾಡಿದ್ದಾರೆ. ಪ್ರೀತಿ ಎನ್ನಬೇಕೋ ದಡ್ಡತನ ಎನ್ನಬೇಕೋ. ಬೆಳ್ಳಕ್ಕಿಗೆ ಭಾವನ ಮೇಲೆ ಕೋಪವೂ ಬಂತು, ಕರುಳೂ ಚುರುಕ್ಕೆಂದಿತು.

"ಅಮ್ಮಂದೇ ಆಗಿದ್ದಿದ್ರೆ ನಿಮ್ಮ ಹಾಳೆ ನನ್ನ ಕಣ್ಣು ಕಳೀತಿತ್ತು, ಗೊತ್ತಾ?"

ಗೊತ್ತು, ಆಸ್ಪತ್ರೆಯಿಂದ ಬಂದ ದಿನದಿಂದ ನಿದ್ದೆ ಬಂದಿಲ್ಲ ಎಂದ ಭಾವ. ಅವನ ಮುಖ ನೋಡಿ ಅವಳಿಗೆ ಮುಂದೆ ಬೈಯಲು ಮನಸ್ಸಾಗಲಿಲ್ಲ. ತಪ್ಪಿಸಿಕೊಂಡೆವು ಎನ್ನುವ ನೆಮ್ಮದಿ ಅಷ್ಟು ದೊಡ್ಡದಾಗಿತ್ತು. ತನ್ನ ಪಾಲಿನ ತಪ್ಪೇನು ಕಡಿಮೆಯೇ ಎಂದೂ ಅನ್ನಿಸಿತು. ಅವಳು ದೀಪ ಆರಿಸಿ, ಆ ಹಾಳೆಗಳನ್ನು ಇಳಿಸಿ ಎಂದಷ್ಟೇ ಹೇಳಿದಳು.

ಮೊದಲು ಸ್ಟುಡಿಯೊದ ಗೋಡೆ ಮುಗಿಸಿದಳು. ಕ್ಯಾಮರಾದವನು ಕಾಗದ ಒತ್ತಿ ಹಿಡಿದಾಗ ಕಾಗದ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಬೆಳ್ಳಕ್ಕಿಯೇ ಹುಡುಕಬೇಕಾಯಿತು. ಯಂತ್ರದ ಬಗ್ಗೆ ಆಡಿದ ಮಾತನ್ನು ಅವಳು ವಾಪಸು ತೆಗೆದುಕೊಂಡಳು.

ಆಮೇಲೆ ರಂಗಮಂದಿರದ ಪರದೆ. ಡಬ್ಬಿ ತೆರೆದು ಒಂದು ತೊಟ್ಟು ನೀಲಿ ಬಿಟ್ಟಳು, ಕಲಸಿದಳು. ಕಣ್ಣು ಇನ್ನೂ ಸ್ವಲ್ಪ ಕೇಳಿತು, ಕೊಟ್ಟಳು. ಸಾಕು ಎಂದಿತು, ಕೈ ತೆಗೆದಳು. ರಟ್ಟಿನ ತುಂಡುಗಳನ್ನು ಸಿಕ್ಕಿಸಿ ಕೊನೆಯ ಸಾಲಿಗೆ ಹೋದಳು. ಅಲ್ಲಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಆದರೂ ಕೂತವಳು ಎದ್ದಳು, ಎದ್ದವಳು ಕೂತಳು. ಕೊನೆಗೆ ಈವರೆಗೆ ಎಂದೂ ಮಾಡದ ಕೆಲಸ ಮಾಡಿದಳು. ಭಾವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನೋಡಿ ಹೇಳಿ. ನನ್ನ ಮುಖ ನೋಡಬೇಡಿ, ಪರದೆ ನೋಡಿ."

ಭಾವ ನೋಡಿದ. ಅವಳ ಕಡೆ ಒಮ್ಮೆ ಕಳ್ಳನೋಟ ಹರಿಸಿ, ಮತ್ತೆ ಪರದೆಯ ಕಡೆ ತಿರುಗಿದ.

"ಒಂಚೂರು ನೀಲಿ ಜಾಸ್ತಿ ಆಯ್ತೇನೋ," ಎಂದ.

ಬೆಳ್ಳಕ್ಕಿ ಅವನನ್ನು ಕೆಕ್ಕರಿಸಿಕೊಂಡು ನೋಡಿದಳು. ಆಮೇಲೆ ಎದ್ದು ಹೋಗಿ, ಡಬ್ಬಿಗೆ ಇನ್ನಷ್ಟು ಬಿಳಿ ಸುರಿದು, ಮೊದಲಿನಿಂದ ಕಲಸತೊಡಗಿದಳು. ಅವಳ ಮನಸ್ಸು ಹಗುರವಾಗಿತ್ತು.

ಆ ಪರದೆಯ ಮೊದಲ ನಾಟಕಕ್ಕೆ ಅಕ್ಕನೂ ಬಂದಿದ್ದಳು. ಹಾಳೆಯಿಲ್ಲದ ಬರಿಯ ದೀಪದ ಬೆಳಕು ಬಿತ್ತು, ಪರದೆ ಬೆಳ್ಳಗೆ ತೆರೆದುಕೊಂಡಿತು. ಏಣಿ ಹತ್ತುವ ಕೆಲಸವಿಲ್ಲದ ಭಾವ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮಂಡಿ ಉಜ್ಜಿಕೊಳ್ಳುತ್ತಾ ಅವರಿಬ್ಬರ ನಡುವೆ ಕೂತಿದ್ದ. ಕೊನೆಯಲ್ಲಿ ಸಾಯುವವರು ಯಾರೆಂದು ಅವನು ಅಕ್ಕನ ಕಿವಿಯಲ್ಲಿ ಹೇಳುತ್ತಿದ್ದದ್ದು ಬೆಳ್ಳಕ್ಕಿಗೂ ಕೇಳಿಸಿತು. ಹೇಳಲಿ, ಎಲ್ಲವನ್ನೂ ಹೇಳಲಿ ಎಂದುಕೊಂಡು ಅವಳು ಸುಮ್ಮನೆ ಪರದೆ ನೋಡುತ್ತಾ ಕೂತಳು.